ಕೀಲಿಕೈ ಒಡಪು

ರತ್ನಾಬಾಯಿಯ ಹತ್ತಿರ ತನ್ನ ಮನೆಯ ಕೀಲಿಕೈ ಇರಲಿಲ್ಲ. ಒಂದು ದಿನವಲ್ಲ, ಒಂದು ವರ್ಷವಲ್ಲ, ಹತ್ತೊಂಬತ್ತು ವರ್ಷ. ಇದು ನನಗೆ ಗೊತ್ತಾಗುವಷ್ಟರಲ್ಲಿ ನಮ್ಮಿಬ್ಬರ ಪರಿಚಯಕ್ಕೇ ಹದಿಮೂರು ವರ್ಷವಾಗಿತ್ತು. ನಾನೇನು ಕಣ್ಣು ಕಾಣದವಳಲ್ಲ, ಕಿವಿ ಕೇಳದವಳೂ ಅಲ್ಲ. ಅವಳು ಎಲ್ಲರ ಎದುರಿಗೆ ಹೇಳಿಯೂ ಇದ್ದಳು. ಕೇಳಿ ಚಪ್ಪಾಳೆ ಹೊಡೆದವರಲ್ಲಿ ನಾನೇ ಮೊದಲಿನವಳು. ಆ ನಾಚಿಕೆ ಇನ್ನೂ ಹೋಗದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಸ್ವರ್ಣಲತಾ, ಕುಂದಾಪುರದ ಕಡೆಯವಳು. ಲಂಡನ್ನಿನ ದಕ್ಷಿಣದ ತುದಿಯ ಸಟನ್ನಿನಲ್ಲಿ, ಒಂದು ಆಸ್ಪತ್ರೆಯಲ್ಲಿ ವಾರ್ಡ್ ಕ್ಲರ್ಕ್ ಆಗಿದ್ದೆ. ೧೯೯೬ರ ಚಳಿಗಾಲದಲ್ಲಿ ರತ್ನಾಬಾಯಿ ನಮ್ಮ ವಾರ್ಡಿನ ಅಡುಗೆಕೋಣೆಯ ಕೆಲಸಕ್ಕೆ ಬಂದಳು. ರೋಗಿಗಳಿಗೆ ಚಹಾ ಕೊಡಬೇಕು, ಊಟದ ತಟ್ಟೆ ಹಂಚಬೇಕು, ತೊಳೆದಿಡಬೇಕು. ವಿಜಾಪುರದವಳು, ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಯಾವ ಮಂಚದವರಿಗೆ ಎಷ್ಟು ಚಮಚ ಸಕ್ಕರೆ ಎಂದು ಒಂದು ಸಲ ಕೇಳಿದರೆ ಮರೆಯುತ್ತಿರಲಿಲ್ಲ. ಎಂಟನೇ ಮಂಚದ ಅಜ್ಜಿ ಸತ್ತು ಬೇರೆಯವರು ಬಂದ ದಿನ ಮಾತ್ರ ಅಭ್ಯಾಸಬಲದಿಂದ ಎರಡು ಚಮಚ ಹಾಕಿ, ಆಮೇಲೆ ಒಬ್ಬಳೇ ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಂಡಿದ್ದಳು.

ಅವಳು ಕೆಲಸಕ್ಕೆ ಸೇರಿದ ದಿನ ಫಾರ್ಮ್ ತುಂಬಿಸಿದವಳು ನಾನೇ. ತುರ್ತು ಬಂದರೆ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ಗಂಡನ ಹೆಸರು ಕೇಳಿದೆ. ನೆಲ ನೋಡಿದಳು. ಮತ್ತೆ ಕೇಳಿದೆ. ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಇಲ್ಲದ ಸೆರಗನ್ನು ಸರಿಮಾಡಿಕೊಂಡು, ರಾಗವಾಗಿ ಹೇಳಿದಳು:

"ಗೋಲಗುಮ್ಮಟದಾಗ ಒಂದ ಕೂಗಿಗೆ ದನಿ ಏಳು,
ಶ್ರೀರಂಗರಾಯರ ಹೆಸರು ಹೇಳತೇನಿ, ಕಿವಿಗೊಟ್ಟು ಕೇಳು."

ನಾನು ಪೆನ್ನು ಕೆಳಗಿಟ್ಟು ನಕ್ಕೆ. ಅವರ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಬಾಯಲ್ಲಿ ಆಡುವುದಿಲ್ಲ. ಹೇಳಲೇಬೇಕಾಗಿ ಬಂದರೆ ಹೀಗೆ ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಕೂರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆ, ಸೀಮಂತಗಳಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಪೀಡಿಸಿ ಒಡಪು ಹೇಳಿಸುತ್ತಾರೆ. ರತ್ನಾಬಾಯಿ ನಿಂತ ನಿಲುವಿನಲ್ಲೇ ಹೊಸದು ಕಟ್ಟುತ್ತಿದ್ದಳು. ನಾನು ಫಾರ್ಮಿನಲ್ಲಿ ಶ್ರೀರಂಗ ಎಂದು ಬರೆದುಕೊಂಡೆ.

ಆ ಶ್ರೀರಂಗರಾಯರನ್ನು ಕೆಟ್ಟವರು ಎಂದು ಹೇಳಿಬಿಟ್ಟರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವರು ಹಾಗಿರಲಿಲ್ಲ. ಹೆಂಡತಿಯನ್ನು ಹೊಡೆದವರಲ್ಲ, ಬೈದವರೂ ಅಲ್ಲ. ಲಂಡನ್ ಬ್ರಿಡ್ಜ್ ಹತ್ತಿರ ಒಂದು ವಿಮೆ ಕಂಪನಿಯಲ್ಲಿ ಕೆಲಸ. ಬೆಳಿಗ್ಗೆ ಏಳರ ರೈಲಿಗೆ ಹೋಗಿ ಸಂಜೆ ಆರೂವರೆಗೆ ಮನೆಗೆ ಬರುತ್ತಿದ್ದರು. ಕನ್ನಡದವರ ಯಾವ ಸಮಾರಂಭವಿದ್ದರೂ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿ ಹಾಕುವವರು, ಕೊನೆಗೆ ಪಾತ್ರೆ ಎತ್ತಿಡುವವರು. ಹೊಸದಾಗಿ ಬಂದವರಿಗೆ ಫ್ಲಾಟ್ ಹುಡುಕಿಕೊಡುತ್ತಿದ್ದರು. ಊರಿಗೆ ಉಪಕಾರಿ. ಗಾದೆಯ ಉಳಿದರ್ಧ ನನಗೆ ಆಗ ನೆನಪಾಗಲಿಲ್ಲ.

ಕೀಲಿಕೈ ಸಂಗತಿ ಶುರುವಾದದ್ದು ೧೯೯೦ರಲ್ಲಿ. ಮಗಳು ನೇತ್ರಾ ಕೈಗೂಸು. ಪೇಟೆಗೆ ಹೋದಾಗ ರತ್ನಾಬಾಯಿ ಒಂದೇ ಒಂದು ಸಲ ಕೀಲಿಕೈ ಕಳೆದುಕೊಂಡಳು. ಕೂಸನ್ನು ಎತ್ತಿಕೊಂಡು ಮೂರು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು. ರಾಯರು ಬಂದು ಬಾಗಿಲು ತೆಗೆಸಿದರು, ಬೀಗ ಬದಲಾಯಿಸಿದರು, ಏನೂ ಅನ್ನಲಿಲ್ಲ. ವಿಜಾಪುರದಿಂದ ಅವರ ತಾಯಿ ಫೋನಿನಲ್ಲಿ, ಕೀಲಿಕೈ ನಿನ್ನ ಹತ್ತಿರವೇ ಇರಲಿ ಶ್ರೀರಂಗ, ಆಕೆಗೆ ಇನ್ನೂ ಹುಡುಗಾಟ ಎಂದರು. ಆ ಮನೆಯಲ್ಲಿ ಕೀಲಿಕೈ ಗೊಂಚಲು ಅತ್ತೆಯ ಸೊಂಟದಿಂದ ಇಳಿದ ಮೇಲೆಯೇ ಸೊಸೆಗೆ ಸೇರುವಂಥದ್ದು. ಅತ್ತೆ ಗಟ್ಟಿಮುಟ್ಟಾಗಿದ್ದರು. ಹೀಗೆ ಸಟನ್ನಿನ ಎರಡು ಕೋಣೆಯ ಮನೆಯ ಕೀಲಿಕೈ ರಾಯರ ಜೇಬಿನಲ್ಲಿ ಉಳಿಯಿತು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು, ಹೊರಗೆ ಹೋಗಲಿಕ್ಕೆ ಕೀಲಿಕೈ ಬೇಡ, ಒಳಗೆ ಬರಲಿಕ್ಕೆ ಬೇಕು. ಅವರಿಗೆ ಅದು ಮರೆತೇ ಹೋಯಿತು. ಅವಳಿಗೆ ದಿನಾ ನೆನಪಾಗುತ್ತಿತ್ತು.

ಅವಳ ಪಾಳಿ ಮೂರು ಗಂಟೆಗೆ ಮುಗಿಯುತ್ತಿತ್ತು. ಶಾಲೆಯಿಂದ ನೇತ್ರಾಳನ್ನು ಕರೆದುಕೊಂಡು ನೇರ ಲಾಂಡ್ರೆಟ್ಟಿಗೆ ಹೋಗುತ್ತಿದ್ದಳು. ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ ಅದು. ಒಳಗೆ ಬೆಚ್ಚಗಿರುತ್ತದೆ, ಉದ್ದದ ಬೆಂಚು ಇದೆ, ಯಾರೂ ಏಳು ಎನ್ನುವುದಿಲ್ಲ. ಆರೂವರೆಯ ತನಕ ತಾಯಿ ಮಗಳು ಅಲ್ಲೇ. ಮಗಳು ಹೋಂವರ್ಕ್ ಮಾಡುತ್ತಿದ್ದಳು, ತಾಯಿ ತಿರುಗುವ ಬೇರೆಯವರ ಬಟ್ಟೆ ನೋಡುತ್ತಿದ್ದಳು. ಬಸ್ಸಿನಿಂದ ನನಗೆ ಕಾಣಿಸುತ್ತಿತ್ತು. ಮನೆಯ ಹೀಟಿಂಗ್ ಉಳಿಸಲಿಕ್ಕೆ ಇಲ್ಲಿ ಬಂದು ಕೂರುತ್ತಾಳೆ ಎಂದುಕೊಂಡು, ಜಿಪುಣಿ ಎಂದು ಅವಳನ್ನೇ ಛೇಡಿಸಿದೆ. ಅವಳೂ ನಕ್ಕಳು. ಮರುದಿನ ವಾರ್ಡಿನಲ್ಲಿ ಅದನ್ನೇ ನಾಲ್ಕು ಜನಕ್ಕೆ ಹೇಳಿ ಅವರನ್ನೂ ನಗಿಸಿದೆ. ನನ್ನ ಬಾಯಿ ಅಂಥದ್ದು.

೧೯೯೮ರ ಬೇಸಿಗೆಯಲ್ಲಿ ನಮ್ಮ ಮನೆಯ ವಾಷಿಂಗ್ ಮಷೀನ್ ಕೆಟ್ಟು, ನಾನೂ ಬಟ್ಟೆಗಂಟು ಹೊತ್ತು ಲಾಂಡ್ರೆಟ್ಟಿಗೆ ಹೋದೆ. ಅಲ್ಲಿ ಕಪಾಟಿನ ಮೇಲೆ ಒಂದು ರೇಡಿಯೋ ಸದಾ ಹಾಡುತ್ತಿತ್ತು. ಆ ವರ್ಷ ಒಂದು ಹಾಡು ಎಲ್ಲಿ ಹೋದರೂ ಕೇಳಿಬರುತ್ತಿತ್ತು. ಅಮೆರಿಕದ ಹಳ್ಳಿಗಾಡಿನ ಧಾಟಿ, ಗಿಟಾರು, ಪಿಟೀಲು, ಕುಣಿಯಲಿಕ್ಕೆ ಬರುವಂಥ ತಾಳ. ಹಾಡುವವಳ ದನಿಯಲ್ಲಿ ಯಾರಿಗೂ ಸೊಪ್ಪು ಹಾಕದ ಧಿಮಾಕು. ಎಂಟು ವರ್ಷದ ನೇತ್ರಾ ಜೊತೆಗೆ ಹಾಡುತ್ತ ಬೆಂಚಿನ ಸುತ್ತ ಕುಣಿಯುತ್ತಿದ್ದಳು. ಈ ಹಾಡು ಏನು ಹೇಳುತ್ತದೆ ಎಂದು ರತ್ನಾಬಾಯಿ ನನ್ನನ್ನು ಕೇಳಿದಳು. ಮಗಳನ್ನು ಕೇಳಿದರೆ ಅವಳು ಇಂಗ್ಲಿಷಿನಲ್ಲೇ ವಿವರಿಸುತ್ತಾಳಂತೆ.

ನಾನು ಹೇಳಿದೆ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳುವ ಹಾಡು. ನಿನ್ನ ಬೆಲೆ ಎಷ್ಟು ಎಂದು ಕೇಳಲಿಕ್ಕೆ ಯಾರ ಬಾಗಿಲನ್ನೂ ತಟ್ಟಬೇಡ. ನೀನು ಈ ಮನೆಗೆ ಬಂದ ನೆಂಟಳಲ್ಲ. ಚಪ್ಪಲಿ ಬಿಡು, ಕಾಲು ಚಾಚು, ಬಾಗಿಲು ನಿನ್ನದು. ಅಷ್ಟೇ ಅರ್ಥ. ಅವಳು ತಿರುಗುವ ಬಟ್ಟೆಯ ಕಡೆ ಮುಖ ಮಾಡಿದಳು. ಹಾಡಿನಾಕೆಯದೇನೋ ಸರಿ, ಆದರೆ ಬಾಗಿಲು ತನ್ನದಲ್ಲದವಳು ಏನು ಮಾಡಬೇಕು ಎಂದು ಕೇಳಿದಳು. ಅವಳು ಹಾಡಿನ ಬಗ್ಗೆ ಕೇಳುತ್ತಿದ್ದಾಳೆ ಎಂದೇ ನಾನು ತಿಳಿದೆ. ಉಪದೇಶ ಮಾಡುವ ಅವಕಾಶವನ್ನು ನಾನು ಎಂದೂ ಬಿಟ್ಟವಳಲ್ಲ. ಬಾಯಿ ಬಿಟ್ಟು ಕೇಳಬೇಕು, ಒಳಗೊಳಗೆ ಅಲ್ಲ, ನಾಲ್ಕು ಜನರ ಮುಂದೆ ಕೇಳಬೇಕು, ಆಗ ಇಲ್ಲ ಎನ್ನಲಿಕ್ಕೆ ಆಗುವುದಿಲ್ಲ ಎಂದೆ.

"ಎಲ್ಲಾರ ಮುಂದ ಕೇಳಬೇಕೇನ್ರಿ ಅಕ್ಕಾರ?"

"ಎಲ್ಲರ ಮುಂದೆಯೇ ಕೇಳ್ಬೇಕು," ಎಂದೆ. ಬಟ್ಟೆ ಒಣಗಿತ್ತು, ಮಡಿಸಿಕೊಂಡು ಹೊರಟೆ.

ಆ ವರ್ಷದ ದೀಪಾವಳಿ ಕೂಟ ಎಜ್‌ವೇರಿನ ಒಂದು ಬಾಡಿಗೆ ಸಭಾಂಗಣದಲ್ಲಿ. ಸಟನ್ನಿನಿಂದ ಎಜ್‌ವೇರ್ ಎಂದರೆ ಊರಿನ ಈ ತುದಿಯಿಂದ ಆ ತುದಿ. ಅಲ್ಲೇ ಹತ್ತಿರದ ಸ್ಟ್ಯಾನ್ಮೋರಿನ ಡಾಕ್ಟರುಗಳು ಕಾರಿನಲ್ಲಿ ಬಂದರು, ನಾವು ಎರಡು ರೈಲು ಬದಲಾಯಿಸಿ ಚಕ್ಕುಲಿ ಡಬ್ಬ ಹೊತ್ತು ಬಂದೆವು. ಊಟವಾದ ಮೇಲೆ ಹೆಂಗಸರ ಒಡಪಿನ ಸ್ಪರ್ಧೆ. ಮೈಕು ನನ್ನ ಕೈಯಲ್ಲಿ, ತೀರ್ಪೂ ನನ್ನದೇ. ನಮ್ಮ ಕುಂದಾಪುರದಲ್ಲಿ ಈ ಪದ್ಧತಿ ಇಲ್ಲವಲ್ಲ, ಪಕ್ಷಪಾತ ಮಾಡುವುದಿಲ್ಲ ಎಂದು ನನ್ನನ್ನು ನಿಲ್ಲಿಸಿದ್ದರು. ಹೆಂಗಸರು ಹಳೆಯ ಒಡಪುಗಳನ್ನೇ ಹೇಳಿದರು, ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆ. ಕೊನೆಗೆ ರತ್ನಾಬಾಯಿ ಬಂದಳು. ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ನನ್ನನ್ನು ಒಮ್ಮೆ ನೋಡಿದಳು.

"ಮಗ್ಗಲ ಮನಿ ಬೆಕ್ಕಿಗೂ ಬಾಗಲಾ ಅದ, ಬಂದರ ಬ್ಯಾಡನ್ನೋರಿಲ್ಲ,
ಶ್ರೀರಂಗರಾಯರ ಹೇಣ್ತಿ ಹೊರಗ ನಿಂತಾಳ, ಕೀಲಿಕೈ ಕೊಡೋರಿಲ್ಲ."

ಇಡೀ ಸಭಾಂಗಣ ನಗೆಯಿಂದ ಹಾರಿಹೋಯಿತು. ಇಂಗ್ಲಿಷರ ಮನೆಯ ಬಾಗಿಲಿನ ಕೆಳಗೆ ಬೆಕ್ಕು ನುಸುಳಲಿಕ್ಕೆ ಇಡುವ ಪುಟ್ಟ ಬಾಗಿಲು ಎಲ್ಲರಿಗೂ ಗೊತ್ತು. ಅದನ್ನು ಒಡಪಿಗೆ ತಂದಳಲ್ಲ ಎಂದು ಗಂಡಸರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಶ್ರೀರಂಗರಾಯರು ಎಲ್ಲರಿಗಿಂತ ಜೋರಾಗಿ ನಕ್ಕರು. ಯಾರೋ ಕೊಡ್ರಿ ಕೊಡ್ರಿ ಎಂದರು. ರಾಯರು ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ಎತ್ತಿ ಹಿಡಿದು ಝಣಝಣ ಅಲ್ಲಾಡಿಸಿದರು, ವೇದಿಕೆಯ ಕಡೆ ಚಾಚಿದರು, ಅವಳು ಕೈ ಮುಂದೆ ಮಾಡುವಷ್ಟರಲ್ಲಿ ಹಿಂದಕ್ಕೆ ಎಳೆದು ಜೇಬಿಗೆ ಹಾಕಿಕೊಂಡರು. ಸಭೆ ಇನ್ನೊಮ್ಮೆ ನಕ್ಕಿತು. ರತ್ನಾಬಾಯಿಯ ಕೈ ಗಾಳಿಯಲ್ಲೇ ಇತ್ತು. ಆ ಕೈಗೆ ನಾನು ಮೊದಲನೇ ಬಹುಮಾನದ ಸ್ಟೀಲ್ ಡಬ್ಬಿ ಕೊಟ್ಟೆ.

ಆಮೇಲೆ ಅದೊಂದು ಪದ್ಧತಿಯಾಗಿಬಿಟ್ಟಿತು. ಪ್ರತಿ ದೀಪಾವಳಿಗೆ, ಪ್ರತಿ ಯುಗಾದಿಗೆ, ಯಾರ ಮನೆಯ ಸೀಮಂತವಾದರೂ, ಕೀಲಿಕೈ ಒಡಪು ಹೇಳ್ರಿ ಎಂದು ಅವಳನ್ನು ಎಬ್ಬಿಸುತ್ತಿದ್ದರು. ಅವಳು ಹೇಳುತ್ತಿದ್ದಳು. ರಾಯರು ಗೊಂಚಲು ಅಲ್ಲಾಡಿಸುತ್ತಿದ್ದರು. ಮೊದಲ ಒಂದೆರಡು ವರ್ಷ ಅವಳ ಕೈ ಮುಂದೆ ಬರುತ್ತಿತ್ತು. ಆಮೇಲೆ ಬರಲಿಲ್ಲ. ಜನ ಅದನ್ನೂ ನಟನೆ ಎಂದುಕೊಂಡು, ಈ ಸಲ ಮುನಿಸಿಕೊಂಡಾಳ ನೋಡ್ರಿ ಎಂದು ನಕ್ಕರು. ಬೇರೆ ಒಡಪು ಕಟ್ಟುವುದನ್ನು ಅವಳು ನಿಲ್ಲಿಸಿಬಿಟ್ಟಿದ್ದಳು ಎಂಬುದು ನನಗೆ ಈಗ ಹೊಳೆಯುತ್ತದೆ.

೨೦೦೧ರಲ್ಲಿ ನೇತ್ರಾಳಿಗೆ, ಪರೀಕ್ಷೆ ಬರೆದು ಸೇರುವ ಗ್ರಾಮರ್ ಸ್ಕೂಲಿನಲ್ಲಿ ಸೀಟು ಸಿಕ್ಕಿತು. ಅವಳ ಬ್ಯಾಗು, ಬ್ಲೇಜರು, ಬಸ್ ಪಾಸಿನ ಜೊತೆ ರಾಯರು ಒಂದು ಕೀಲಿಕೈ ಮಾಡಿಸಿ ನೀಲಿ ದಾರದಲ್ಲಿ ಕಟ್ಟಿ ಮಗಳ ಕೊರಳಿಗೆ ಹಾಕಿದರು. ಹನ್ನೊಂದು ವರ್ಷದವಳು, ಜವಾಬ್ದಾರಿ ಕಲಿಯಬೇಕು ಎಂದರಂತೆ. ರತ್ನಾಬಾಯಿ ಆ ಹೊತ್ತಿನಲ್ಲಿ ಮಗಳ ಬುತ್ತಿಗೆ ಚಪಾತಿ ಸುತ್ತುತ್ತಿದ್ದಳು. ಅಂದಿನಿಂದ ಅವಳು ಗಂಡನಿಗೆ ಕಾಯುವ ಬದಲು ಮಗಳಿಗೆ ಕಾಯತೊಡಗಿದಳು. ಮಗಳಿಗೆ ಪಿಯಾನೋ ಕ್ಲಾಸು ಇದ್ದ ದಿನ ಲಾಂಡ್ರೆಟ್ಟಿನಲ್ಲಿ ಐದೂವರೆ ಆಗುತ್ತಿತ್ತು. ನಾನು ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ ತಂದುಕೊಂಡು ಅಲ್ಲೇ ತಿನ್ನುತ್ತಿದ್ದಳು. ದೊಡ್ಡವಳಾದ ಮೇಲೆ ನೇತ್ರಾ ಒಮ್ಮೆ, ಮಮ್, ನನ್ನದನ್ನು ಕೊಟ್ಟು ಇನ್ನೊಂದು ಕಟ್ ಮಾಡಿಸಿಕೋ, ಐದು ನಿಮಿಷದ ಕೆಲಸ ಎಂದು ಇಂಗ್ಲಿಷಿನಲ್ಲಿ ಹೇಳಿದ್ದಳಂತೆ. ರತ್ನಾಬಾಯಿ ಒಪ್ಪಲಿಲ್ಲ. ೨೦೦೮ರಲ್ಲಿ ನೇತ್ರಾ ಯೂನಿವರ್ಸಿಟಿಗೆ ಹೋದಳು, ಕೀಲಿಕೈ ಅವಳ ಜೊತೆ ಹೋಯಿತು. ತಾಯಿ ಮತ್ತೆ ಆರೂವರೆಯ ಬೆಂಚಿಗೆ ಬಂದಳು. ಈಗ ಒಬ್ಬಳೇ.

೨೦೦೯ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಹಿಮ ಬಿತ್ತಲ್ಲ, ಆ ಸೋಮವಾರ. ಬಸ್ಸಿಲ್ಲ, ರೈಲಿಲ್ಲ. ಹಿಂದಿನ ದಿನ ಸ್ನೇಹಿತರೊಬ್ಬರಿಗೆ ಮನೆ ಸಾಮಾನು ಸಾಗಿಸಿಕೊಡಲಿಕ್ಕೆ ಎಜ್‌ವೇರಿಗೆ ಹೋಗಿದ್ದ ರಾಯರು ಅಲ್ಲೇ ಸಿಕ್ಕಿಬಿದ್ದಿದ್ದರು. ರತ್ನಾಬಾಯಿ ಬೆಳಿಗ್ಗೆ ಬಾಗಿಲು ಎಳೆದುಕೊಂಡು ನಡೆದೇ ಕೆಲಸಕ್ಕೆ ಬಂದಿದ್ದಳು. ಪಾಳಿ ಮುಗಿಸಿ ನಾನು ಕಾಲೆಳೆಯುತ್ತ ಮನೆಗೆ ಹೊರಟರೆ, ಲಾಂಡ್ರೆಟ್ಟಿಗೆ ಷಟರ್ ಎಳೆದಿತ್ತು. ಅದರ ಮುಂದೆ ಒಂದು ಗೇಣು ಜಾಗದಲ್ಲಿ ರತ್ನಾಬಾಯಿ ನಿಂತಿದ್ದಳು. ತುಟಿ ನೀಲಿಯಾಗಿತ್ತು.

"ಮನೆಗೆ ಹೋಗೂದು ಬಿಟ್ಟು ಇಲ್ಲೆಂತ ಮಾಡ್ತಿದ್ದೀ ಮಾರಾಯ್ತಿ?"

"ಕೀಲಿಕೈ ಅವರ ಕಡೆ ಅದರಿ."

"ನಿಂದು?"

"ನಂದಿಲ್ಲರಿ."

ಇವತ್ತು ತಂದಿಲ್ಲ ಎಂದುಕೊಂಡೆ. ಅವಳ ಮುಖ ನೋಡಿದೆ. ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು, ಬೆಂಚು, ಬೆಕ್ಕು, ಡಬ್ಬಿ, ಗಾಳಿಯಲ್ಲಿ ನಿಂತ ಕೈ. ಅವಳನ್ನು ನಮ್ಮ ಮನೆಗೆ ಕರೆದೊಯ್ದು ಕಂಬಳಿ ಹೊದಿಸಿ ಬಿಸಿ ಕಷಾಯ ಕೊಟ್ಟೆ. ಆಮೇಲೆ ನನ್ನ ನಾಚಿಕೆಯನ್ನೆಲ್ಲ ಸಿಟ್ಟು ಮಾಡಿ ಅವಳ ಮೇಲೇ ಹರಿಯಬಿಟ್ಟೆ. ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತೇ ಎಂದೆ.

"ಹೇಳಿದ್ನೆಲ್ರಿ ಅಕ್ಕಾರ. ನೀವು ಹೇಳಿಧಾಂಗ ಎಲ್ಲಾರ ಮುಂದ ಹೇಳಿದೆ. ನೀವು ಡಬ್ಬಿ ಕೊಟ್ರಿ."

ಇದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಗಳು ಹೇಳಿದ ಹಾಗೆ ಇನ್ನೊಂದು ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದು ಕೇಳಿದೆ. ಕದ್ದು ಮಾಡಿಸಿದ ಕೀಲಿಕೈಯಿಂದ ಒಳಗೆ ಹೋದರೆ ತಾನು ಆ ಮನೆಗೆ ಕಳ್ಳಿಯಾಗುತ್ತೇನೆ, ಮನೆಯವಳಾಗುವುದಿಲ್ಲ ಎಂದಳು. ಅವಳಿಗೆ ಬೇಕಾಗಿದ್ದದ್ದು ಹಿತ್ತಾಳೆಯ ತುಂಡಲ್ಲ. ಇದು ನಿನ್ನದು, ತೊಗೋ ಎಂದು ಅವರು ತಮ್ಮ ಕೈಯಿಂದ ಕೊಡಬೇಕಾಗಿತ್ತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ನಾನು ಆ ಶನಿವಾರ ರಾಯರ ಮನೆಗೆ ಜಗಳಕ್ಕೆ ಹೋದೆ. ಅವರು ನನ್ನನ್ನು ಕೂರಿಸಿ, ತಾವೇ ನೀರು ತಂದುಕೊಟ್ಟು, ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು. "ಆಕಿ ಅದನ್ನ ಚ್ಯಾಷ್ಟಿ ಮಾಡತಾಳ ಅಂತ ತಿಳದಿದ್ದೆರಿ," ಎಂದರು. ಸುಳ್ಳು ಹೇಳುತ್ತಿರಲಿಲ್ಲ. ನಾನೂ ಹಾಗೆಯೇ ತಿಳಿದಿದ್ದವಳು, ನನ್ನ ಜಗಳದ ಅರ್ಧ ಬಲ ಅಲ್ಲೇ ಉಡುಗಿತು. ಬರುವ ಶನಿವಾರ ಪೇಟೆಗೆ ಹೋಗಿ ಮಾಡಿಸುತ್ತೇನೆ, ಮಗಳಿಗೆ ಮಾಡಿಸಿದ ಅಂಗಡಿಯಲ್ಲೇ ಎಂದರು. ರತ್ನಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹದಿಮೂರು ವರ್ಷದಲ್ಲಿ ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಅದೊಂದೇ ಸಲ ನೋಡಿದೆ.

ಗುರುವಾರ ಬೆಳಿಗ್ಗೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ರಾಯರು ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ನಮ್ಮ ಆಸ್ಪತ್ರೆಗೇ ತಂದರು. ಜೀವ ಉಳಿಯಿತು, ಬಲಗೈ, ಬಲಗಾಲು, ಮಾತು ಮೂರೂ ಹೋದವು. ರೋಗಿಯ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯವರ ಸಹಿ ತೆಗೆದುಕೊಂಡು ಒಪ್ಪಿಸುವುದು ಕ್ಲರ್ಕಿನ ಕೆಲಸ. ವಾಚು, ಕನ್ನಡಕ, ರೈಲು ಪಾಸು, ಕೀಲಿಕೈ ಗೊಂಚಲು. ನಿಯಮದ ಪ್ರಕಾರ ರೋಗಿಯ ಹೆಸರನ್ನು ಆ ಮನೆಯವರ ಬಾಯಿಂದಲೇ ಹೇಳಿಸಬೇಕು. ನಾನು ಕೇಳಲಿಲ್ಲ, ನಾನೇ ಬರೆದುಕೊಂಡೆ. ರತ್ನಾಬಾಯಿ ಸಹಿ ಹಾಕಿದಳು. ಹತ್ತೊಂಬತ್ತು ವರ್ಷ ಕಾದ ಕೀಲಿಕೈ ಅವಳಿಗೆ ನನ್ನ ಕೈಯಿಂದ ಸಿಕ್ಕಿತು. ಅವಳು ಅದನ್ನು ಚೀಲದ ಹೊರಗಿನಿಂದಲೇ ಒಮ್ಮೆ ಮುಟ್ಟಿ ನೋಡಿ, ಚೀಲವನ್ನು ಹಾಗೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

ರಾಯರನ್ನು ಮನೆಗೆ ಕಳಿಸಿದ ಮೇಲೆ ಅವಳು ಕೆಲಸ ಬಿಟ್ಟಳು. ಕೌನ್ಸಿಲ್‌ನಿಂದ (ಅಲ್ಲಿಯ ನಗರಸಭೆ) ಬೆಳಿಗ್ಗೆ ಅರ್ಧ ಗಂಟೆ ಒಬ್ಬಳು ಬಂದು ಸ್ನಾನಕ್ಕೆ ಕೈ ಹಚ್ಚಿ ಹೋಗುತ್ತಿದ್ದಳು. ಉಳಿದ ಇಪ್ಪತ್ತಮೂರೂವರೆ ಗಂಟೆ ರತ್ನಾಬಾಯಿಯದು. ನೇತ್ರಾ ರಜೆಯಲ್ಲಿ ಬಂದಳು, ಓದು ಬಿಟ್ಟು ಬರುತ್ತೇನೆ ಎಂದಳು, ತಾಯಿಯೇ ಬೈದು ವಾಪಸು ಕಳಿಸಿದಳು. ಕೂಟದವರು ಮೊದಲ ಎರಡು ತಿಂಗಳು ಊಟದ ಡಬ್ಬಿ ತಂದರು. ರಾಯರು ಯಾರಿಗೆಲ್ಲ ಕುರ್ಚಿ ಹಾಕಿದ್ದರೋ ಅವರ ಪೈಕಿ ಯಾರೂ ಮೂರನೇ ತಿಂಗಳಿಗೆ ಬರಲಿಲ್ಲ.

ಅಕ್ಟೋಬರಿನಲ್ಲಿ ನಾನು ಹೋದೆ. ದೀಪಾವಳಿಗೆ ಅವಳನ್ನು ಕರೆಯಬೇಕು ಎಂಬ ದಡ್ಡ ಆಸೆ ನನಗೆ. ಗಂಟೆ ಒತ್ತಿದೆ, ಅವಳು ಬಂದು ಬಾಗಿಲು ತೆಗೆದಳು. ತಲೆ ಅರ್ಧ ಬೆಳ್ಳಗಾಗಿತ್ತು. ಮುಂದಿನ ಕೋಣೆಯಲ್ಲೇ ಮಂಚ ಹಾಕಿತ್ತು, ರಾಯರು ನಿದ್ದೆ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ಮಗಳ ಹಳೆಯ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ನಾನು ಕೂತು ಸ್ವಲ್ಪ ಹೊತ್ತಾಗಿರಬೇಕು, ಆ ಹಾಡೇ ಬಂತು. ಗಿಟಾರು, ಪಿಟೀಲು, ಅದೇ ಧಿಮಾಕು. ಹನ್ನೊಂದು ವರ್ಷ ಹಳೆಯ ಹಾಡು, ಈಗ ಯಾವಾಗಲಾದರೊಮ್ಮೆ ಹಾಕುತ್ತಾರೆ. ಅವರು ಎದ್ದರೆ ಕಷ್ಟ ಎಂದು ಅವಳು ರೇಡಿಯೋ ಆರಿಸಿದಳು. ನನಗೆ ಚಹಾ ಕೊಟ್ಟಳು. ಕೇಳಲಿಲ್ಲ, ನನ್ನ ಒಂದೂವರೆ ಚಮಚ ಸಕ್ಕರೆ ಅವಳಿಗೆ ನೆನಪಿತ್ತು.

ಕೀಲಿಕೈ ಗೊಂಚಲು ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಆಸ್ಪತ್ರೆಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ರಾಯರನ್ನು ಮನೆಗೆ ತಂದ ಮೇಲೆ ಯಾರೂ ಅದನ್ನು ಮುಟ್ಟಿದ ಹಾಗೆ ಕಾಣಲಿಲ್ಲ. ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ ಎಂದು ನಾನು, ಅಂತೂ ಕೀಲಿಕೈ ನಿನ್ನ ಮನೆಯ ಮೊಳೆಗೆ ಬಂತಲ್ಲ ಎಂದೆ. ರತ್ನಾಬಾಯಿ ಮೊಳೆಯ ಕಡೆ ನೋಡಿದಳು, ಮಂಚದ ಕಡೆ ನೋಡಿದಳು.

"ಹೊರಗ ಹೋಗಿ ಬರೋರಿಗೆ ಬೇಕಾಗೂದರಿ ಕೀಲಿಕೈ," ಎಂದಳು. "ನಾ ಎಲ್ಲಿ ಹೋಗ್ಲಿ?"

ದೀಪಾವಳಿಯ ವಿಷಯ ಎತ್ತದೆ ಚಹಾ ಮುಗಿಸಿ ಎದ್ದೆ.